ಟೇಪಿನ ಕೆಳಗಿನ ದೀಪ

ಮಾರ್ಚ್ ೩, ಸೋಮವಾರ

ಇವತ್ತು ಟಿವಿ ಕೇಂದ್ರದಿಂದ ನನ್ನ ಮಿಕ್ಸರನ್ನು, ದನಿ ಬೆರೆಸುವ ಆ ಹಳೆಯ ಮೇಜನ್ನು, ಎತ್ತಿಕೊಂಡು ಹೋದರು. ನಾಲ್ಕು ಜನ ಹಿಡಿದರೂ ಬಾಗಿಲಲ್ಲಿ ಸಿಕ್ಕಿಹಾಕಿಕೊಂಡಿತು. ಹೋಗಲ್ಲ ಅಂತ ಹಟ ಮಾಡುತ್ತಿದೆ ಎಂದು ಒಳಗೊಳಗೇ ಖುಷಿಪಟ್ಟೆ. ಆಮೇಲೆ ಅವರು ಬಾಗಿಲನ್ನೇ ಕಳಚಿ, ಮಿಕ್ಸರನ್ನು ಓರೆ ಮಾಡಿ, ತೆಗೆದುಕೊಂಡು ಹೋದರು.

ಅದರ ಜಾಗದಲ್ಲಿ ಒಂದು ತೆಳ್ಳನೆಯ ಹಲಗೆ ಬಂದಿದೆ. ಅದರಲ್ಲೂ ದನಿ ಏರಿಸಿ ಇಳಿಸುವ ಜಾರುಗುಂಡಿಗಳು ಸಾಲಾಗಿವೆ. ಆದರೆ ದನಿ ಅದರೊಳಗೆ ಬರುವುದೇ ಇಲ್ಲವಂತೆ. ಕಂಪನಿಯಿಂದ ಬಂದ ಇಂಜಿನಿಯರ್ ಹೇಳಿದ. ಹೆಸರನ್ನೂ ಹೇಳಿದ, ಮರೆತೆ. ದಪ್ಪ ಕನ್ನಡಕ ಹಾಕುತ್ತಾನೆ, ಹಾಗಾಗಿ ಇಲ್ಲಿ ಕನ್ನಡಕ ಅಂತಲೇ ಬರೆಯುತ್ತೇನೆ.

"ಹಾಗಾದ್ರೆ ದನಿ ಎಲ್ಲಿರುತ್ತಪ್ಪಾ?"

"ಕೆಳಗಡೆ ಕೋಣೆಯಲ್ಲಿ ಎಂಜಿನ್ ಇದೆಯಲ್ಲ ಮೇಡಂ, ಅದರಲ್ಲಿ. ಇದು ಬರೀ ಕೈಯಾಡಿಸೋಕೆ."

"ಇಲ್ಲಿ ಕೈಯಾಡಿಸಿದ್ರೆ ಅಲ್ಲಿ ಗೊತ್ತಾಗುತ್ತಾ?"

"ನೀವು ಆಡಿಸದೇ ಇದ್ರೂ ಗೊತ್ತಾಗುತ್ತೆ," ಅಂದ. ಹೆಮ್ಮೆಯಿಂದಲೇ ಅಂದ, ಪಾಪ.

ಈ ಎಂಜಿನ್ನಿನ ದೊಡ್ಡ ಗುಣ ಅಂದರೆ ಹಿಗ್ಗುವುದು. ದಿನಾ ಬೆಳಗಿನ ಕಾರ್ಯಕ್ರಮಕ್ಕೆ ಹತ್ತು ಮೈಕು ಸಾಕು, ಮತ ಎಣಿಕೆಯ ದಿನ ಇನ್ನೂರು ಬೇಕು ಅಂದರೆ ಇದೇ ಪೆಟ್ಟಿಗೆ ಇನ್ನೂರನ್ನೂ ನುಂಗುತ್ತದೆ. ಬೆಳೆಯುವ ಮಕ್ಕಳಿಗೆ ಒಳಗೆ ಬಟ್ಟೆ ಬಿಟ್ಟು ಹೊಲಿಸುತ್ತೇವಲ್ಲ, ಹಾಗೆ. ಒಂದೊಂದು ಗುಂಡಿಯನ್ನೂ ತೋರಿಸಿ ವಿವರಿಸಿದ. ನಾನು ಹೂಂ ಹೂಂ ಅಂದೆ. ಮನಸ್ಸು ಕಳಚಿಟ್ಟ ಬಾಗಿಲಿನ ಕಡೆಗಿತ್ತು, ಒಂದೂ ತಲೆಗೆ ಹೋಗಲಿಲ್ಲ.

ಕೇಂದ್ರದ ಮುಖ್ಯಸ್ಥರನ್ನು ನಾವೆಲ್ಲ ದೊಡ್ಡವರು ಅನ್ನುತ್ತೇವೆ. ಸಂಜೆ ಅವರು ಕರೆಸಿದರು. "ಎಣಿಕೆ ದಿನದವರೆಗೆ ನೋಡೋಣಮ್ಮ. ಎಂಜಿನ್ ತಾನೇ ನಿಭಾಯಿಸಿದ್ರೆ ನಿಮ್ಮ ಕೋಣೆಗೆ ಆಳು ಬೇಕಾಗಲ್ಲ. ಪ್ರಧಾನ ಕಚೇರಿಯಿಂದಲೇ ಒಬ್ಬರು ಮೂರು ಊರು ನೋಡ್ಕೋತಾರೆ." ಆಗಲಿ ಅಂದೆ. ಆಗಲಿ ಅಂತ ಯಾಕಂದೆನೋ ಈಗಲೂ ತಿಳಿಯುತ್ತಿಲ್ಲ.

ಮನೆಗೆ ಬಂದಾಗ ಇವರು ಬಸ್ ಓಡಿಸುವ ಪಾಳಿ ಮುಗಿಸಿ ಬಂದು ಕಾಲು ಚಾಚಿ ಕೂತಿದ್ದರು. "ಏನು?" ಅಂದರು. "ಏನಿಲ್ಲ," ಅಂದೆ. ನಮ್ಮ ಮನೆಯಲ್ಲಿ ಒಂದು ದಿನದ ಮಾತು ಇಷ್ಟೇ. ಅವರು ದಿನವಿಡೀ ಹಾರ್ನ್ ಕೇಳಿ ಬಂದಿರುತ್ತಾರೆ, ನಾನು ದಿನವಿಡೀ ಜನರ ಮಾತು. ಹೇಳುವುದೇನಾದರೂ ಇದ್ದರೆ ಈ ಪುಸ್ತಕವಿದೆ.

ಮಾರ್ಚ್ ೫, ಬುಧವಾರ

ಎಂಜಿನ್ನಿನ ಮೊದಲ ನೇರಪ್ರಸಾರ. ಅತಿಥಿ ಬಾಯಿ ತೆರೆದರೆ ಅವರ ಜಾರುಗುಂಡಿ ತಾನಾಗಿ ಮೇಲೇರುತ್ತದೆ, ಬಾಯಿ ಮುಚ್ಚಿದರೆ ಕೆಳಗಿಳಿಯುತ್ತದೆ. ಮುಟ್ಟಲು ಹೋದೆ, ಬೆರಳನ್ನೇ ತಳ್ಳಿತು. ಅತಿಥಿ ಕೆಮ್ಮಿದರು. ನನ್ನ ಕೈ ಏಳುವುದರೊಳಗೆ ಎಂಜಿನ್ ಆ ಕೆಮ್ಮನ್ನು ನುಂಗಿ ಕೂತಿತ್ತು. ಇಪ್ಪತ್ತೆಂಟು ವರ್ಷ ಜನರ ಕೆಮ್ಮು ಹಿಡಿದವಳು ನಾನು. ಎರಡೂ ಕೈ ಮಡಿಲಲ್ಲಿಟ್ಟುಕೊಂಡು ಮದುವೆ ಮನೆಗೆ ಬಂದ ದೂರದ ನೆಂಟರ ಹಾಗೆ ಕೂತಿದ್ದೆ.

ಕೈಗೆ ಕೆಲಸವಿಲ್ಲದಿದ್ದರೆ ನನ್ನ ಬಾಯಿ ಸುಮ್ಮನಿರುವುದಿಲ್ಲ. ಗೊಣಗುವುದು ಚಿಕ್ಕಂದಿನ ಚಟ. ಗಾಜಿನ ಕೋಣೆಯಲ್ಲಿ ಒಬ್ಬಳೇ ಇರುತ್ತೇನೆ, ಯಾರು ಕೇಳಬೇಕು?

ನಿರೂಪಕಿಯೂ ಹೊಸಬಳು. ಯಾವುದೋ ಪತ್ರಿಕೆಯಿಂದ ಬಂದಿದ್ದಾಳೆ. ಬರೆಯುವುದು ಚೆನ್ನಾಗಿರಬಹುದು, ಮಾತಿನಲ್ಲಿ ಮಾತ್ರ ಅರ್ಧ ಪದ ನುಂಗುತ್ತಾಳೆ. "ಬಾಯಲ್ಲಿ ಬ್ರೆಡ್ಡು ಇಟ್ಕೊಂಡು ಓದ್ತಿದೆ ನೋಡು ಗೊಂಬೆ," ಅಂದೆ ನನ್ನಷ್ಟಕ್ಕೆ. ವಿಚಿತ್ರವೆಂದರೆ ಅಷ್ಟರಲ್ಲೇ ಅವಳು ಬಾಯಿ ಅಗಲಿಸಿ ಬಿಡಿಬಿಡಿಯಾಗಿ ಓದತೊಡಗಿದಳು. ಮುಖ ಮಾತ್ರ ಕೆಂಪೇರಿತ್ತು. ಪ್ರಸಾರ ಮುಗಿದ ಮೇಲೆ ಶೌಚಾಲಯದಲ್ಲಿ ಬಾಗಿಲು ಹಾಕಿಕೊಂಡು ತುಂಬಾ ಹೊತ್ತು ನಲ್ಲಿ ಬಿಟ್ಟುಕೊಂಡಿದ್ದಳು. ನೀರು ಪೋಲು ಮಾಡುವವರನ್ನು ಕಂಡರೆ ನನಗಾಗದು.

ಹಲಗೆಯ ಎಡಮೂಲೆಯ ಗುಂಡಿಯ ಮೇಲೆ ಒಂದು ಹಸಿರು ದೀಪವಿದೆ. ಬೆಳಿಗ್ಗೆಯಿಂದ ಮುಗಿಯುವವರೆಗೂ ಕಣ್ಣಿಗೆ ಚುಚ್ಚುತ್ತಿತ್ತು. ಕಪ್ಪು ಟೇಪಿನ ತುಂಡು ಅಂಟಿಸಿದೆ. ಈ ಎಂಜಿನ್ನಿನ ಮೇಲೆ ನಾನು ಚಲಾಯಿಸಿದ ಅಧಿಕಾರ ಇಷ್ಟೇ.

ಮಾರ್ಚ್ ೭, ಶುಕ್ರವಾರ

ಎಂಜಿನ್ ಇವತ್ತೂ ತಪ್ಪು ಮಾಡಲಿಲ್ಲ. ಕಾದು ಕಾದು ಕಣ್ಣು ನೋವು ಬಂತು.

ಮಾರ್ಚ್ ೧೧, ಮಂಗಳವಾರ

ಇದನ್ನು ಬರೆದಿಡಬೇಕು, ಇಲ್ಲದಿದ್ದರೆ ನಾಳೆ ನಾನೇ ನಂಬುವುದಿಲ್ಲ.

ನೀರು ಸರಬರಾಜಿನ ಅಧಿಕಾರಿ ಬಂದಿದ್ದರು. ಕೊಳವೆ ಒಡೆದದ್ದು ತಮಗೆ ಗೊತ್ತಾದದ್ದೇ ನಿನ್ನೆ ಎಂದರು. ಅವರ ಗಂಟಲು ಸಣ್ಣಗೆ ಬಿಗಿಯಿತು. ಇಷ್ಟು ವರ್ಷ ಗಂಟಲುಗಳನ್ನೇ ಕೇಳಿದವಳಿಗೆ ಅದು ಗೊತ್ತಾಗುತ್ತದೆ. "ಸುಳ್ಳು ಕಣೇ. ಬಿಡಬೇಡ. ಉಸಿರು ತಗೊಂಡು ಇನ್ನೊಂದ್ಸಲ ಕೇಳು," ಅಂದೆ. ಗಾಜಿನಾಚೆ ಹುಡುಗಿ ನಿಂತಳು. ಉಸಿರು ತೆಗೆದುಕೊಂಡಳು. "ನಿನ್ನೆಯೇ ಅಂತ ಖಂಡಿತ ಹೇಳ್ತೀರಾ?" ಎಂದು ಕೇಳಿದಳು. ಅಧಿಕಾರಿ ತಡವರಿಸಿ, ಹೋದ ವಾರವೇ ದೂರು ಬಂದಿತ್ತು ಎಂದು ಒಪ್ಪಿಕೊಂಡರು.

ಕಾಕತಾಳೀಯ ಇರಬೇಕು. ಅಥವಾ ಅವಳಿಗೂ ಗಂಟಲು ಕೇಳಲು ಬರುತ್ತದೋ? ಅಥವಾ ಎಂಜಿನ್ನು ನನ್ನ ತಲೆಯೊಳಗಿನದನ್ನೂ ಎಲ್ಲಿಗೋ ಕಳಿಸುತ್ತಿದೆಯೋ? ಕನ್ನಡಕನನ್ನು ಕೇಳೋಣ ಅಂದುಕೊಂಡು, ಹುಚ್ಚಿ ಅಂದುಕೊಂಡಾನು ಎಂದು ಬಿಟ್ಟೆ.

ಮಾರ್ಚ್ ೧೩, ಗುರುವಾರ

ಬೆಳಿಗ್ಗೆ ನನ್ನ ಮೇಜಿನ ಮೇಲೆ ಮಂಡಿನೋವಿನ ಮುಲಾಮಿನ ಟ್ಯೂಬು ಇತ್ತು. ಯಾರಿಟ್ಟರು ಎಂದು ಕೇಳಿದರೆ ನಿರೂಪಕಿ ಬಾಗಿಲಲ್ಲಿ ನಿಂತು, "ನಮ್ಮಮ್ಮ ಇದನ್ನೇ ಹಚ್ಚೋದು ಮೇಡಂ," ಅಂದು ಓಡಿದಳು.

ನನಗೆ ಮಂಡಿನೋವು ಅಂತ ಇವಳಿಗೆ ಯಾರು ಹೇಳಿದರು? ನಾನು ಕುಂಟುವುದಿಲ್ಲ. ಯಾರ ಹತ್ತಿರವೂ ಹೇಳಿಲ್ಲ, ಇವರ ಹತ್ತಿರವೂ ಇಲ್ಲ. ನೋವು ಬಂದಾಗ ನನ್ನಷ್ಟಕ್ಕೆ ಬೈದುಕೊಳ್ಳುತ್ತೇನೆ, ಅಷ್ಟೇ.

ಮುಲಾಮು ಒಳ್ಳೆಯದಿದೆ.

ಮಾರ್ಚ್ ೧೭, ಸೋಮವಾರ

ಕಾಫಿ ಯಂತ್ರದ ಹತ್ತಿರ ಹುಡುಗಿ ಕೇಳಿದಳು: "ನಿಮ್ಮ ಯಜಮಾನರಿಗೆ ಹೊಸ ರೂಟ್ ಒಗ್ಗಿತಾ ಮೇಡಂ?"

ಇವರಿಗೆ ಹೊಸ ರೂಟ್ ಹಾಕಿ ನಾಲ್ಕು ದಿನವೂ ಆಗಿಲ್ಲ. ಅದರ ಬಗ್ಗೆ ಶುಕ್ರವಾರ ಹಲಗೆಯ ಮುಂದೆ ಕೂತು ತುಂಬಾ ಗೊಣಗಿದ್ದು ನಿಜ. ಆ ತಿರುವುಗಳಲ್ಲಿ ಅವರ ಸೊಂಟ ಉಳಿಯುತ್ತದಾ, ಒಂದು ಮಾತು ಮೇಲಿನವರಿಗೆ ಹೇಳಬಾರದಾ, ಬಾಯಿಲ್ಲದ ಮನುಷ್ಯ, ಇತ್ಯಾದಿ.

ಮನೆಗೆ ಬಂದು ಇವರನ್ನೇ ಹಿಡಿದೆ. "ನಮ್ಮ ಆಫೀಸಿನವರ ಹತ್ತಿರ ಯಾರ ಜೊತೆಗಾದ್ರೂ ಮಾತಾಡಿದ್ರಾ?"

"ನಿನ್ನ ಹತ್ತಿರಾನೇ ಮಾತಾಡಲ್ಲ. ನಿಮ್ಮ ಆಫೀಸಿನವರ ಹತ್ತಿರ ಏನು ಮಾತಾಡ್ಲಿ?"

ಅದೂ ಸರಿ. ಹಾಗೇ ಸೊಂಟ ಹೇಗಿದೆ ಎಂದು ಕೇಳಿದೆ. ಅವರು ನನ್ನ ಮುಖ ನೋಡಿ, "ಪರವಾಗಿಲ್ಲ," ಅಂದರು. ಮುಲಾಮು ಕೊಟ್ಟೆ.

ಮಾರ್ಚ್ ೧೯, ಬುಧವಾರ

ಮತ್ತೆ ಗೊಂದಲ, ಈ ಸಲ ತಲೆಕೆಳಗು.

ನಿರೂಪಕರ ಕಿವಿಯಲ್ಲಿ ಕಡಲೆಕಾಳಿನಷ್ಟು ದೊಡ್ಡ ಸ್ಪೀಕರ್ ಇರುತ್ತದೆ. ನಿರ್ದೇಶಕರು ತಮ್ಮ ಕೋಣೆಯಿಂದ ಅದರಲ್ಲಿ ಮಾತಾಡುತ್ತಾರೆ. ನನಗೂ ಅದಕ್ಕೊಂದು ಗುಂಡಿ ಇದೆ, ಆ ಎಡಮೂಲೆಯದು. ಬೆಳಿಗ್ಗೆ ಒತ್ತಿ, ಕೇಳಿಸ್ತಿದೆಯಾ ಅನ್ನುತ್ತೇನೆ, ಅವಳು ತಲೆಯಾಡಿಸುತ್ತಾಳೆ. ಅಲ್ಲಿಗೆ ನನ್ನ ಹಕ್ಕು ಮುಗಿಯಿತು. ಪ್ರಸಾರ ಶುರುವಾದ ಮೇಲೆ ನಿರೂಪಕರ ಕಿವಿ ನಿರ್ದೇಶಕರಿಗೆ ಸೇರಿದ್ದು. ಮೈಕು ಕೆಟ್ಟರೆ ಹೇಳಬಹುದು, ಅದು ಬಿಟ್ಟು ಬೇರೆ ಯಾರೂ ಅಲ್ಲಿ ಬಾಯಿ ಹಾಕುವಂತಿಲ್ಲ.

ಇವತ್ತು ನಮ್ಮ ಹುಡುಗಿಯ ಕಾಲರಿನ ಮೈಕು ಜಾರಿ ಬಟ್ಟೆ ಉಜ್ಜುತ್ತಿತ್ತು. ಗುಂಡಿ ಒತ್ತಿ ನೇರವಾಗಿಯೇ ಹೇಳಿದೆ: "ಮೈಕು ಸರಿ ಮಾಡ್ಕೊಳ್ಳಿ." ಅವಳಿಗೆ ಕೇಳಿಸಲೇ ಇಲ್ಲ. ಎರಡು ಸಲ ಹೇಳಿದೆ. ಕೇಳಿಸಲಿಲ್ಲ. ಅಷ್ಟೇ ಅಲ್ಲ, ಅಲ್ಲಿಂದ ಮುಂದೆ ಕಾರ್ಯಕ್ರಮ ಮುಗಿಯುವವರೆಗೂ ಎಡವಿದಳು. ಒಂದೇ ಪ್ರಶ್ನೆ ಎರಡು ಸಲ ಕೇಳಿದಳು, ಮಂತ್ರಿಯ ಖಾತೆ ತಪ್ಪು ಹೇಳಿದಳು. ಮಧ್ಯೆ ಮಧ್ಯೆ ಗಾಜಿನ ಕಡೆ ನೋಡುತ್ತಿದ್ದಳು.

ಒತ್ತದೆ ಗೊಣಗಿದರೆ ಹೇಳಿದ ಹಾಗೆ ಮಾಡುತ್ತಾಳೆ. ಒತ್ತಿ ಹೇಳಿದರೆ ಕಿವುಡಿ. ಯಾರಿಗಾದರೂ ಹೇಳಿದರೆ ನನ್ನನ್ನು ನಾಳೆಯೇ ಮನೆಗೆ ಕಳಿಸುತ್ತಾರೆ, ಎಣಿಕೆ ದಿನದವರೆಗೂ ಕಾಯುವುದಿಲ್ಲ.

ಮಾರ್ಚ್ ೨೧, ಶುಕ್ರವಾರ

ಕನ್ನಡಕ ಬಂದು ಟೇಪು ಕಿತ್ತ.

"ಇದ್ಯಾಕೆ ಆನ್ ಇದೆ ಮೇಡಂ?"

ಹಳೆಯ ಮಿಕ್ಸರಿನಲ್ಲಿ ಬೆರಳು ಇಟ್ಟಷ್ಟು ಹೊತ್ತು ಮಾತ್ರ ಮಾತು ಹೋಗುತ್ತಿತ್ತು, ತೆಗೆದರೆ ನಿಲ್ಲುತ್ತಿತ್ತು. ಇದರಲ್ಲಿ ಒಮ್ಮೆ ತಟ್ಟಿದರೆ ತೆರೆದೇ ಇರುತ್ತದೆ, ಇನ್ನೊಮ್ಮೆ ತಟ್ಟುವವರೆಗೆ, ಇಲ್ಲವೇ ರಾತ್ರಿ ಹಲಗೆ ಆರಿಸುವವರೆಗೆ. ಬುಧವಾರ ಮೈಕಿನ ಮಾತಿಗೆಂದು ತಟ್ಟಿ ನಾನೇ ಮುಚ್ಚಿದ್ದೆ. ತೆರೆದಿದ್ದರೆ ಹಸಿರು ದೀಪ. ಮೊದಲ ದಿನವೇ ಹೇಳಿದ್ದನಂತೆ. ನಾನು ಹೂಂ ಅಂದಿದ್ದೆನಂತೆ.

ಮೂರನೇ ವಾರ ನಡೆಯುತ್ತಿದೆ. ಬ್ರೆಡ್ಡು, ಗೊಂಬೆ, ಮಂಡಿ, ಇವರ ಸೊಂಟ. ಕೆಲಸ ಹೋದರೆ ಗತಿಯೇನು ಎಂದು ಒಂದು ದಿನ ಅತ್ತಿದ್ದೆ, ಅದೂ.

ಎಲ್ಲ ಆ ಹುಡುಗಿಯ ಕಿವಿಗೆ ಹೋಗಿದೆ.

ಮಾರ್ಚ್ ೨೪, ಸೋಮವಾರ

ಇವತ್ತು ಒಮ್ಮೆ ತಟ್ಟಿ, ಪರೀಕ್ಷೆ ಮಾಡಿ, ಮತ್ತೊಮ್ಮೆ ತಟ್ಟಿ ಮುಚ್ಚಿದೆ. ದೀಪ ಆರಿದ್ದನ್ನು ಮೂರು ಸಲ ನೋಡಿಕೊಂಡೆ. ಪ್ರಸಾರ ಪೂರ್ತಿ ಎರಡೂ ತುಟಿ ಕಚ್ಚಿಕೊಂಡಿದ್ದೆ. ಹುಡುಗಿ ಬುಧವಾರದ ಹಾಗೆಯೇ ಎಡವಿದಳು. ಎಂಜಿನ್ ಎಡವಲಿಲ್ಲ.

ಮುಗಿದ ಮೇಲೆ ಅವಳು ಸೀದಾ ನನ್ನ ಕೋಣೆಗೆ ಬಂದಳು.

"ನಾನೇನಾದ್ರೂ ತಪ್ಪು ಮಾಡಿದ್ನಾ ಮೇಡಂ? ಯಾಕೆ ಸುಮ್ಮನಾದ್ರಿ?"

ನಡೆದದ್ದನ್ನು ಹೇಳಿದೆ. ಗುಂಡಿ, ಟೇಪು, ನನ್ನ ಚಟ, ಎಲ್ಲ. ಕ್ಷಮಿಸಿ ಅಂದೆ. ಅವಳು ಬೇರೆ ಕುರ್ಚಿ ಇಲ್ಲದ್ದರಿಂದ ಮೇಜಿನ ತುದಿಗೆ ಒರಗಿದಳು.

"ಅಂದ್ರೆ ಬೇಕಂತ ಹೇಳ್ತಿರಲಿಲ್ವಾ?"

"ಇಲ್ಲಮ್ಮ."

"ಮೊದಲ ದಿನ ತುಂಬಾ ಅತ್ತೆ. ಈ ಊರಿನ ಟಿವಿಯಲ್ಲಿ ಹೊಸಬರಿಗೆ ಹೀಗೇ ಪಾಠ ಮಾಡ್ತಾರೇನೋ ಅಂದ್ಕೊಂಡೆ. ಮನೆಗೆ ಹೋಗಿ ಅವತ್ತಿನ ಕಾರ್ಯಕ್ರಮ ಹಾಕಿ ಕೇಳಿದೆ. ನಿಜವಾಗ್ಲೂ ಬ್ರೆಡ್ಡೇ. ಆಮೇಲೆ ನೀವೇ ಉಸಿರು ತಗೋ ಅಂದ್ರಿ, ಭೇಷ್ ಅಂದ್ರಿ. ಎದುರಿಗೆ ಸಿಕ್ಕಿದ್ರೆ ಮಾತ್ರ ನೀವು ಗೀವು ಅಂತ ದೂರ ಇರ್ತಿದ್ರಿ."

"ನಿರ್ದೇಶಕರಿಗೆ ಹೇಳಬಾರದಿತ್ತಾ?"

"ಹೇಳಿದ್ರೆ ನಿಲ್ಲಿಸಿಬಿಡ್ತಿದ್ರು." ಬಾಗಿಲ ಹತ್ತಿರ ಹೋಗಿ ತಿರುಗಿದಳು. "ಗುರುವಾರ ಎಣಿಕೆ. ನನಗೆ ಭಯ ಆಗ್ತಿದೆ."

ನನಗೂ ಅಂದೆ. ಭೇಷ್ ಅಂದದ್ದು ನನಗೆ ನೆನಪೇ ಇಲ್ಲ.

ಮಾರ್ಚ್ ೨೭, ಗುರುವಾರ

ಬೆಳಿಗ್ಗೆಯೇ ಎಂಜಿನ್ ಹಿಗ್ಗಿತು. ಕನ್ನಡಕ ಕೆಳಗಿನ ಕೋಣೆಯಲ್ಲಿ ಏನೋ ಒತ್ತಿದ, ನನ್ನ ಹಲಗೆಯ ಮೇಲೆ ಹೆಸರುಗಳು ಪುಟ ಪುಟವಾಗಿ ಬಂದವು. ಎಣಿಕೆ ಕೇಂದ್ರಗಳ ವರದಿಗಾರರು, ಪಕ್ಷಗಳ ಕಚೇರಿಗಳು, ಫೋನಿನ ಸಾಲುಗಳು. ಹಳೆಯ ಮಿಕ್ಸರಿಗೆ ಮೂರು ತಂಗಿಯರಿದ್ದರೂ ಆಗದ ಕೆಲಸ. ಒಂದು ದನಿ ಒಡೆಯಲಿಲ್ಲ, ಒಂದು ದನಿ ಇನ್ನೊಂದರ ಮೇಲೆ ಬೀಳಲಿಲ್ಲ. ಅದು ಸೋಲಲಿ ಎಂದು ಹಾರೈಸುವುದನ್ನು ಯಾವಾಗ ಬಿಟ್ಟೆನೋ ಗೊತ್ತಿಲ್ಲ. ಇವತ್ತು ಅದರ ಪರೀಕ್ಷೆಯೂ ಹೌದು, ನನ್ನದೂ ಹೌದು ಎಂದು ದೊಡ್ಡವರು ಬಂದು ನನ್ನ ಕುರ್ಚಿಯ ಹಿಂದೆಯೇ ನಿಂತರು. ಗುಂಡಿ ಮುಚ್ಚಿತ್ತು, ತುಟಿಯೂ ಮುಚ್ಚಿತ್ತು.

ಮಧ್ಯಾಹ್ನದ ಹೊತ್ತಿಗೆ ಸೋಲುತ್ತಿದ್ದ ಪಕ್ಷದ ಹಿರಿಯರೊಬ್ಬರು ಸ್ಟುಡಿಯೋಗೆ ಬಂದರು. ಎಣಿಕೆಯಲ್ಲಿ ಮೋಸವಾಗಿದೆ ಎಂದರು. ನಮ್ಮ ಹುಡುಗಿ ಸಾಕ್ಷಿ ಕೇಳಿದಳು. ಅವರು ಕೂಗಾಡತೊಡಗಿದರು. ನಿನ್ನ ವಯಸ್ಸೆಷ್ಟು, ನಿನ್ನನ್ನು ಇಲ್ಲಿ ಕೂರಿಸಿದವರು ಯಾರು, ಹಾಗೆ ಹೀಗೆ. ಎಂಜಿನ್ ಅವರ ಕೂಗನ್ನು ಅಚ್ಚುಕಟ್ಟಾಗಿ ತಗ್ಗಿಸಿತು. ಮನೆಯಲ್ಲಿ ಕೂತವರ ಕಿವಿಗೆ ಏನೂ ತೊಂದರೆಯಿಲ್ಲ. ಆದರೆ ಮೇಜಿನಾಚೆ ಕೂತವಳಿಗೆ ಅದನ್ನು ಯಾವ ಯಂತ್ರವೂ ತಗ್ಗಿಸಲಾರದು. ಅವಳ ಬಾಯಿ ಕಟ್ಟಿಹೋಯಿತು. ನಿರ್ದೇಶಕರು ಆ ಹೊತ್ತಿಗೆ ಎಣಿಕೆ ಕೇಂದ್ರದ ಕ್ಯಾಮೆರಾದ ಚಿತ್ರ ಹುಡುಕುತ್ತಿದ್ದರು. ಹುಡುಗಿ ಗಾಜಿನ ಕಡೆ ನೋಡಿದಳು. ನನ್ನನ್ನೇ ನೋಡಿದಳು.

ಬೆರಳು ಗುಂಡಿಯ ಮೇಲಿತ್ತು. ಹಿಂದೆ ದೊಡ್ಡವರ ಉಸಿರು ಕೇಳುತ್ತಿತ್ತು. ಯಾರೂ ಕೇಳುತ್ತಿಲ್ಲ ಅಂದುಕೊಂಡಾಗ ಎಷ್ಟೊಂದು ಹೇಳಿದ್ದೆ, ಈಗ ಕೇಳಲೆಂದೇ ಒಬ್ಬಳು ಕಾಯುತ್ತಿದ್ದರೆ ನಾಲಗೆ ಒಣಗಿ ಅಂಟಿಕೊಂಡಿತು. ಒತ್ತಿದರೆ ಈ ಕುರ್ಚಿ ಇವತ್ತೇ ಹೋಗುತ್ತದೆ ಎಂಬುದೂ ತಲೆಯಲ್ಲಿತ್ತು.

ತಟ್ಟಿದೆ. ಹಸಿರು ಹತ್ತಿತು.

"ಉಸಿರು ತಗೋ ಕಣೇ," ಅಂದೆ. "ಅವರು ಕೂಗ್ಲಿ ಬಿಡು. ನಿನ್ನ ಪ್ರಶ್ನೆ ಸರಿಯಾಗಿದೆ. ನಾನಿಲ್ಲೇ ಇದ್ದೀನಿ."

ಅವಳ ಭುಜ ಇಳಿಯಿತು. ಆ ಹಿರಿಯರು ಉಸಿರಿಗೆಂದು ನಿಲ್ಲುವವರೆಗೂ ಕಾದು, "ಸಾಕ್ಷಿ ಏನಿದೆ ಸರ್?" ಎಂದು ಮೊದಲಿನಷ್ಟೇ ಮೆತ್ತಗೆ ಕೇಳಿದಳು. ಅವರ ಹತ್ತಿರ ಏನೂ ಇರಲಿಲ್ಲ.

ದೀಪ ಆರಿಸಿದೆ. ದೊಡ್ಡವರು ಬಗ್ಗಿ ಆ ಗುಂಡಿಯನ್ನು ನೋಡಿದರು. ಆಮೇಲೆ, "ಇದು ನಿಮ್ಮ ಕೆಲಸ ಅಲ್ವಲ್ಲಮ್ಮ," ಅಂದರು.

"ಅಲ್ಲ ಸರ್," ಅಂದೆ.

ಮಾರ್ಚ್ ೨೮, ಶುಕ್ರವಾರ

ಎಂಜಿನ್ ಪಾಸಾಯಿತು. ನನ್ನ ಕೋಣೆಗೆ ಇನ್ನು ಆಳು ಬೇಡ. ಸೋಮವಾರದಿಂದ ಮೂರು ಊರಿನ ದನಿಯೂ ಪ್ರಧಾನ ಕಚೇರಿಯ ಒಬ್ಬರ ಕೈಗೆ. ನನ್ನನ್ನು ಧ್ವನಿಮುದ್ರಣ ವಿಭಾಗಕ್ಕೆ ಹಾಕಿದ್ದಾರೆ, ಬುಧವಾರದಿಂದ, ಮಧ್ಯಾಹ್ನದ ಪಾಳಿ. ಅಲ್ಲಿ ಎಲ್ಲರೂ ಮಾತಾಡಿ ಮುಗಿಸಿರುತ್ತಾರೆ, ಕತ್ತರಿಸಿ ಅಂಟಿಸಿದರೆ ಆಯಿತು. ನಿನ್ನೆಯದರ ಬಗ್ಗೆ ದೊಡ್ಡವರು ಬೈಯಲೂ ಇಲ್ಲ, ಹೊಗಳಲೂ ಇಲ್ಲ.

ಹುಡುಗಿ ಗಾಜಿನ ಕೋಣೆಗೆ ಬಂದಳು. "ಸೋಮವಾರದಿಂದ ಕಿವಿ ಖಾಲಿ," ಅಂದಳು. ನಿರ್ದೇಶಕರಿದ್ದಾರಲ್ಲ ಅಂದೆ. "ಅವರು ಟೈಮ್ ಹೇಳ್ತಾರೆ," ಅಂದಳು.

ಕನ್ನಡಕ ಬಂದು ಕೈಕುಲುಕಿದ. ಕಪ್ಪು ಟೇಪಿನ ತುಂಡನ್ನು ಎಸೆಯದೆ ಹಲಗೆಯ ಬದಿಗೆ ಅಂಟಿಸಿಟ್ಟಿದ್ದ. ತಂದು ಇಲ್ಲಿ, ಈ ಪುಟದಲ್ಲಿ ಅಂಟಿಸಿದ್ದೇನೆ.

ಏಪ್ರಿಲ್ ೧, ಮಂಗಳವಾರ

ನಿನ್ನೆ ಟಿವಿ ಹಾಕಲು ಧೈರ್ಯ ಬರಲಿಲ್ಲ. ಇವತ್ತು ಹಾಕಿದೆ. ಇಪ್ಪತ್ತೆಂಟು ವರ್ಷದಲ್ಲಿ ಬೆಳಗಿನ ಕಾರ್ಯಕ್ರಮವನ್ನು ಮನೆಯಲ್ಲಿ ಕೂತು ನೋಡಿದ್ದು ಇದೇ ಮೊದಲು. ಇವರದು ತಡವಾಗಿ ಶುರುವಾಗುವ ಪಾಳಿ. ಸಮವಸ್ತ್ರ ಹಾಕಿಕೊಂಡು, ಬ್ರೆಡ್ಡಿಗೆ ಬೆಣ್ಣೆ ಸವರುತ್ತಾ ಪಕ್ಕದಲ್ಲಿ ಕೂತರು.

ದನಿ ಚೆನ್ನಾಗಿತ್ತು. ಹುಡುಕಿದರೂ ಒಂದು ಹುಳುಕು ಸಿಗಲಿಲ್ಲ. ಬೇಸರವಾಗಬೇಕಿತ್ತು, ಆಗಲಿಲ್ಲ, ಅದಕ್ಕೂ ಗಲಿಬಿಲಿಯಾಯಿತು.

ಆಸ್ಪತ್ರೆಯ ಹೊಸ ಕಟ್ಟಡ ಯಾಕೆ ಇನ್ನೂ ತೆರೆದಿಲ್ಲ ಎಂದು ಹುಡುಗಿ ಒಬ್ಬರನ್ನು ಕೇಳುತ್ತಿದ್ದಳು. ಅವರು ಎಲ್ಲಿಂದೆಲ್ಲಿಗೋ ಹೋಗಿ, ಕಟ್ಟಡ ಬಿಟ್ಟು ರಸ್ತೆಯ ವಿಷಯ ಮಾತಾಡತೊಡಗಿದರು. ಅವಳ ಕಣ್ಣು ಒಮ್ಮೆ ಕ್ಯಾಮೆರಾದ ಪಕ್ಕಕ್ಕೆ, ಗಾಜಿನ ಕೋಣೆ ಇರುವ ಕಡೆಗೆ ಹೋಯಿತು. ಅಲ್ಲೀಗ ಯಾರೂ ಇಲ್ಲ, ದೀಪವನ್ನೂ ಆರಿಸಿರುತ್ತಾರೆ.

"ಉಸಿರು ತಗೋ," ಅಂದೆ. "ರಸ್ತೆ ಕಡೆ ಹೋಗಬೇಡ. ಕಟ್ಟಡ ಕೇಳು."

"ಟಿವಿಗೆ ಕೇಳಿಸಲ್ಲ ಕಣೇ," ಅಂದರು ಇವರು.

ಅವಳು ನಿಂತಳು. ಉಸಿರು ತೆಗೆದುಕೊಂಡಳು. "ರಸ್ತೆ ಇರ್ಲಿ ಸರ್, ಕಟ್ಟಡ ಯಾವಾಗ ತೆರೀತೀರಿ?" ಎಂದು ಕೇಳಿದಳು.

"ಭೇಷ್," ಅಂದೆ. ಈ ಸಲ ನನಗೆ ಕೇಳಿಸಿತು.

ಇವರು ಬ್ರೆಡ್ಡನ್ನು ಅರ್ಧಕ್ಕೇ ತಟ್ಟೆಯಲ್ಲಿಟ್ಟು ನನ್ನ ಕಡೆ ತಿರುಗಿದರು. "ಏನು?" ಅಂದರು.

ಏನಿಲ್ಲ ಅನ್ನಲು ಬಾಯಿ ತೆರೆದೆ. ಆಮೇಲೆ ರಿಮೋಟು ತೆಗೆದುಕೊಂಡು, ಟಿವಿಯ ದನಿಯನ್ನು ಪೂರ್ತಿ ತಗ್ಗಿಸಿ, ಬಾಗಿಲು ಕಳಚಿ ಮಿಕ್ಸರ್ ಹೊತ್ತುಕೊಂಡು ಹೋದಲ್ಲಿಂದ ಹೇಳುತ್ತಾ ಹೋದೆ. ಬ್ರೆಡ್ಡಿನ ವಿಷಯಕ್ಕೆ ಅವರು ನಕ್ಕರು. ಅವರ ಸೊಂಟದ ವಿಷಯ ಊರಿಗೆಲ್ಲ ಗೊತ್ತಾಗಿದೆ ಅಂದಾಗ ನಗಲಿಲ್ಲ, ನನ್ನ ಕೈ ಮೇಲೆ ಕೈಯಿಟ್ಟು ಕೂತರು. ಅವರೂ ಹೊಸ ರೂಟಿನ ಬಗ್ಗೆ ಏನೇನೋ ಹೇಳಿದರು. ಇಷ್ಟು ದಿನ ಯಾರಿಗೂ ಹೇಳಿರಲಿಲ್ಲವಂತೆ.

ಇವರ ಬಸ್ಸು ಇವತ್ತು ತಡವಾಗಿಯೇ ಹೊರಟಿರಬೇಕು. ನಿಲ್ದಾಣದಲ್ಲಿ ಜನ ಗೊಣಗಿಕೊಂಡಿರುತ್ತಾರೆ.